ಸಾವ್ಕಾರ್ರು ಮೂರನೇ ಪಟ್ಟಿ ಬಿಚ್ಚಿದ ದಿನ

2003ರ ಬೇಸಿಗೆಯಲ್ಲಿ ನಾನು ಬಣಕಲ್ ಸಮೀಪದ ಒಂದು ಪ್ರೌಢಶಾಲೆಯ ದೈಹಿಕ ಶಿಕ್ಷಕನ ಹುದ್ದೆಯಿಂದ ನಿವೃತ್ತನಾದೆ. ಮೂರು ದಶಕ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದವನು, ತಾಲ್ಲೂಕು, ಜಿಲ್ಲೆ ಎಂದು ಕಬಡ್ಡಿ ಪಂದ್ಯಗಳಿಗೆ ರೆಫರಿಯಾಗಿ ಓಡಾಡಿದವನು ನಾನು. ಸೀಟಿಯ ಜೊತೆಗೆ ಮುಂಗೋಪವೂ ಕೊರಳಿಗೆ ನೇತುಬಿದ್ದಿತ್ತು. ಮನೆಯಲ್ಲಿ ಕೂತು ಕೆಲವೇ ವಾರಗಳಾಗಿದ್ದವು, ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುವ ಕ್ರಮಕ್ಕೂ ತಪ್ಪು ಹಿಡಿಯತೊಡಗಿದೆ. "ನಿಮಗೆ ಎಲ್ಲಾದ್ರೂ ಒಂದು ಕೆಲ್ಸ ಸಿಗ್ಲಪ್ಪ ದೇವ್ರೇ" ಎಂದು ಹೆಂಡತಿ ಹರಕೆ ಹೊತ್ತಳು. ಆ ವರ್ಷದ ಕೊನೆಗೆ ಕೆಲಸ ಸಿಕ್ಕಿತು. ಹುದ್ದೆಯ ಹೆಸರು 'ಕಾಂಬ್ಯಾಟ್ ಮಾರ್ಷಲ್'. ಹೆಸರು ಕೇಳಿ ಹೆಂಡತಿ ನಕ್ಕಳು. ಆ ಕೆಲಸ ನಗುವಿನಲ್ಲಿ ಮುಗಿಯುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಕಾಂಬ್ಯಾಟ್ ಎಂದರೆ ಕಾಳಗ, ಮಾರ್ಷಲ್ ಎಂದರೆ ಅದನ್ನು ಹದ್ದುಬಸ್ತಿನಲ್ಲಿ ಇಡುವವನು. ಆಟದ ಹೆಸರು ಲೈವ್ ಆ್ಯಕ್ಷನ್ ರೋಲ್ ಪ್ಲೇ, ಬಲ್ಲವರ ಬಾಯಲ್ಲಿ ಲಾರ್ಪ್. ನಾಟಕದ ಹಾಗೆ ಇದರಲ್ಲಿ ವೇಷ ಹಾಕುತ್ತಾರೆ. ಆದರೆ ಕಂಠಪಾಠದ ಮಾತಿಲ್ಲ, ಎದುರಿಗೆ ಕೂತು ನೋಡುವ ಜನರಿಲ್ಲ. ಎಲ್ಲರೂ ಪಾತ್ರಧಾರಿಗಳೇ. ಒಂದು ಕಥೆಯ ಎಳೆ ಕೊಟ್ಟಿರುತ್ತಾರೆ, ಮುಂದೆ ಏನಾಗಬೇಕೆಂಬುದು ಆಡುವವರ ಕೈಯಲ್ಲಿ. ನಮ್ಮ ಕಥೆಯಲ್ಲಿ ಗುಡ್ಡದ ಮೇಲಿನ ಒಬ್ಬ ಪಾಳೇಗಾರ ರಾಣಿಗೆ ತಿರುಗಿಬಿದ್ದಿರುತ್ತಾನೆ. ಬೆಂಗಳೂರು, ಮಂಗಳೂರುಗಳಿಂದ ಬಂದ ಅತಿಥಿಗಳು ರಾಣಿಯ ದಂಡು. ಬೆಳಗ್ಗೆಯಿಂದ ಸಂಧಾನ, ಬೇಹುಗಾರಿಕೆ, ಕುತಂತ್ರ ಎಲ್ಲ ನಡೆದು ಮಧ್ಯಾಹ್ನದ ಮೇಲೆ ಎರಡೂ ದಂಡು ಎದುರುಬದುರಾಗಿ ಕಾಳಗಕ್ಕೆ ಇಳಿಯಬೇಕು.

ಇದನ್ನು ನಡೆಸುತ್ತಿದ್ದವರು ನಂದಿನಿ ಎಂಬ ಬೆಂಗಳೂರಿನ ಹೆಣ್ಣುಮಗಳು. ಹೊರದೇಶದಲ್ಲಿ ಓದುವಾಗ ಈ ಆಟ ಕಂಡು ಬಂದಿದ್ದರಂತೆ. ನನ್ನನ್ನು ಹುಡುಕಿಕೊಂಡು ಮನೆಗೇ ಬಂದರು. "ಒಬ್ಬರಿಗೊಬ್ಬರು ಹೊಡೆದಾಡೋವಾಗ ಸರಿ ಇರುತ್ತೆ ಸರ್. ಗುಂಪಿಗೆ ಗುಂಪು ಬಿದ್ದ ಕೂಡಲೇ ಸಂತೆ ಆಗಿಬಿಡುತ್ತೆ" ಎಂದರು. ಒಂದು ಪ್ರಯೋಗದ ಆಟದಲ್ಲಿ ಒಬ್ಬಾಕೆಯ ಕನ್ನಡಕ ಪುಡಿಯಾಗಿತ್ತು, ಇಬ್ಬರು ಗಂಡಸರು ಯಾರು ಮೊದಲು ಸತ್ತರೆಂದು ನಿಜವಾಗಿಯೇ ಕೈಮಿಲಾಯಿಸಿದ್ದರು.

ಆಟಕ್ಕೆ ಜಾಗ ಕೊಟ್ಟದ್ದು ದೇವರಮನೆ ಗುಡ್ಡದ ದಾರಿಯಲ್ಲಿರುವ ಒಂದು ಕಾಫಿ ಎಸ್ಟೇಟ್. ಎಸ್ಟೇಟಿನ ಹೆಸರು ಬೇಡ, ಯಜಮಾನರನ್ನು ಪ್ರಸನ್ನಗೌಡರು ಎಂದಿಟ್ಟುಕೊಳ್ಳಿ, ಆಳುಗಳ ಬಾಯಲ್ಲಿ ಅವರು ಸಾವ್ಕಾರ್ರು. ಆ ವರ್ಷಗಳಲ್ಲಿ ಕಾಫಿ ದರ ನೆಲಕಚ್ಚಿತ್ತು. ಎಸ್ಟೇಟುಗಳಲ್ಲಿ ಆಳುಗಳನ್ನು ಕಡಿಮೆ ಮಾಡುತ್ತಿದ್ದರು. ತೋಟದ ಮೇಲ್ಭಾಗದ ಹುಲ್ಲುಗುಡ್ಡವನ್ನು ಭಾನುವಾರಗಳಿಗೆ ಬಾಡಿಗೆಗೆ ಕೊಡುವ ಯೋಚನೆ ಗೌಡರಿಗೆ ಹೊಳೆದದ್ದು ಹೀಗೆ. ಪಾಳೇಗಾರನ ದಂಡಿಗೆ ಜನ ಬೇಕಲ್ಲ, ತಮ್ಮ ಆಳುಗಳನ್ನೇ ಒದಗಿಸಿದರು. ಭಾನುವಾರದ ಸಂಬಳದ ಜೊತೆಗೆ ಇನ್ನೊಂದು ಮಾತೂ ಇತ್ತು: ಆಟಕ್ಕೆ ಬಂದವರಿಗೆ ಕೆಲಸ ಕಮ್ಮಿಯಿರುವ ತಿಂಗಳುಗಳಲ್ಲೂ ಲೈನ್ ಮನೆ, ಅಂದರೆ ಎಸ್ಟೇಟು ಆಳುಗಳಿಗೆ ಕೊಟ್ಟ ಸಾಲುಮನೆ, ಬಿಡಿಸುವುದಿಲ್ಲ. ಹಾಗಾಗಿ ಗಂಡಸರು, ಹೆಂಗಸರು ಎಲ್ಲ ಸೇರಿ ಹದಿನೆಂಟು ಜನ ಬಂದರು. ಅವರ ಮುಂದಾಳು ಈರಯ್ಯ ಮೇಸ್ತ್ರಿ.

ಎಸ್ಟೇಟಿನಲ್ಲಿ ಮೇಸ್ತ್ರಿ ಎಂದರೆ ಆಳುಗಳನ್ನು ಸಾಲು ಹಚ್ಚಿ ಕೆಲಸ ಮಾಡಿಸುವವನು. ಈರಯ್ಯನ ತಂದೆಯೂ ಅಲ್ಲೇ ಮೇಸ್ತ್ರಿಯಾಗಿದ್ದವರು. ಲೈನಿನ ಕೊನೆಯಲ್ಲಿ ಸ್ವಲ್ಪ ದೂರಕ್ಕೆ ಮೇಸ್ತ್ರಿಗೆಂದೇ ಒಂದು ಬಿಡಿ ಮನೆ, ಅದರ ಮುಂದೆ ಅವನ ಹೆಂಡತಿ ಗಿರಿಜ ಬೆಳೆಸಿದ ಡೇರೆ ಹೂವಿನ ಸಾಲು. ಈರಯ್ಯನಿಗೆ ನಲವತ್ತೈದರ ಆಸುಪಾಸು. ಧ್ವನಿ ಏರಿಸದೆ ಕೆಲಸ ಮಾಡಿಸುವವನು. ನನ್ನಂಥ ಕೂಗುಮಾರಿಗೆ ಅದು ಹೇಗೆ ಸಾಧ್ಯವೆಂದು ಕೊನೆವರೆಗೂ ಅರ್ಥವಾಗಲಿಲ್ಲ.

ಆಯುಧಗಳನ್ನು ಮಾಡಿಸಿದ್ದು ಬಣಕಲ್ಲಿನಲ್ಲಿ ಜೀಪು, ಕಾರುಗಳ ಸೀಟ್ ಕವರ್ ಹೊಲಿಯುವ ಬಷೀರ್ ಸಾಬರ ಕೈಯಲ್ಲಿ. ತೆಳ್ಳನೆಯ ಪ್ಲಾಸ್ಟಿಕ್ ಪೈಪಿಗೆ ದಪ್ಪ ಫೋಮ್ ಸುತ್ತಿ ಮೇಲೆ ರೆಕ್ಸಿನ್ ಹೊಲಿದರೆ ಕತ್ತಿ ತಯಾರು. ಮೊದಲ ಕತ್ತಿಯಿಂದ ನನ್ನ ಬೆನ್ನಿಗೇ ಬಾರಿಸಿ ಪರೀಕ್ಷೆ ಮಾಡಿದರು. "ನೋವಾಯ್ತಾ ಮೇಷ್ಟ್ರೇ?" "ಇಲ್ಲ." "ಛೇ, ನನ್ ಮಗನಿಗೆ ನೀವು ಕೊಟ್ಟಿದ್ದು ನೆನಪಿಟ್ಕೊಂಡೇ ಹೊಡೆದಿದ್ದೆ ಮಾರಾಯ್ರೇ" ಎಂದರು.

ಕೆಲಸ ಶುರುವಾದದ್ದು 2004ರ ಜನವರಿಯಲ್ಲಿ, ಅರೇಬಿಕಾ ಕಾಫಿಯ ಕೊಯ್ಲು ಹೆಚ್ಚುಕಡಿಮೆ ಮುಗಿದ ಮೇಲೆ. ಗುಂಪಿನ ಕಾಳಗ ಯಾಕೆ ಕೆಡುತ್ತದೆ ಎಂಬುದು ಒಂದೇ ದಿನ ನೋಡಿದರೆ ಸಾಕು, ಕಬಡ್ಡಿ ಕಂಡವನಿಗೆ ತಿಳಿಯುತ್ತದೆ. ಹೊಡೆದವನು 'ತಾಗಿತು' ಎನ್ನುತ್ತಾನೆ, ಹೊಡೆಸಿಕೊಂಡವನು 'ಇಲ್ಲ' ಎನ್ನುತ್ತಾನೆ. ಸತ್ತವರು ಕಾಳಗದ ನಡುವೆಯೇ ನಿಂತು ಹರಟೆ ಹೊಡೆಯುತ್ತಾರೆ, ಬದುಕಿರುವವರು ಅವರಿಗೆ ಎಡವಿ ಬೀಳುತ್ತಾರೆ. ಇಕ್ಕಟ್ಟಿನ ಜಾಗದಲ್ಲಿ ಹಿಂದಿನವರು ತಳ್ಳಿ ಮುಂದಿನವರು ಅಪ್ಪಚ್ಚಿಯಾಗುತ್ತಾರೆ. ಇದಕ್ಕೆಲ್ಲ ನಾನು ಒಂದೊಂದೇ ಕಟ್ಟಳೆ ಮಾಡಿದೆ. ಕಾಳಗದ ಜಾಗದ ಸುತ್ತ ಹಗ್ಗ ಕಟ್ಟಿಸಿದೆ. ಪ್ರತಿಯೊಬ್ಬರ ತೋಳಿಗೂ ಮೂರು ಕೆಂಪು ಬಟ್ಟೆಯ ಪಟ್ಟಿ. ಒಂದು ಏಟು ತಾಗಿದರೆ ಒಂದು ಪಟ್ಟಿ ಬಿಚ್ಚಬೇಕು, ಮೂರೂ ಹೋದರೆ ಸಾವು. ಸತ್ತವರು ತಲೆಯ ಮೇಲೆ ಕೈ ಇಟ್ಟುಕೊಂಡು, ಹಗ್ಗ ಕಟ್ಟಿದ ಓಣಿಯಲ್ಲಿ ನಡೆದು, ತೋಟದ ನೆರಳಿಗೆ ಬೆಳೆಸಿದ ಒಂದು ಸಿಲ್ವರ್ ಮರದ ಬುಡಕ್ಕೆ ಹೋಗಿ ಕೂರಬೇಕು. ಆ ಜಾಗಕ್ಕೆ ಆಳುಗಳೇ ಮಸಣ ಎಂದು ಹೆಸರಿಟ್ಟರು. ತಲೆ, ಮುಖಗಳಿಗೆ ಹೊಡೆಯುವಂತಿಲ್ಲ, ತಳ್ಳುವಂತಿಲ್ಲ, ಇಳಿಜಾರಿನಲ್ಲಿ ಓಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು: ಏಟು ತಾಗಿತೋ ಇಲ್ಲವೋ ಎಂದು ಹೇಳಬೇಕಾದವನು ಹೊಡೆಸಿಕೊಂಡವನು. ಹೊಡೆದವನು ಬಾಯಿ ಬಿಡಕೂಡದು. ಅನುಮಾನ ಬಂದರೆ ಮಾರ್ಷಲ್ ಹೇಳಿದ್ದೇ ಕೊನೆ.

ಆಟ ನಿಲ್ಲಿಸುವುದೇ ದೊಡ್ಡ ತಲೆನೋವಾಯಿತು. ಆ ಗುಡ್ಡದ ಗಾಳಿಗೆ ಸೀಟಿಯ ಸದ್ದು ಹತ್ತು ಮಾರು ದಾಟುತ್ತಿರಲಿಲ್ಲ. ಒಂದು ತುಂಡು ರೈಲು ಕಂಬಿಯನ್ನು ಮರಕ್ಕೆ ನೇತುಹಾಕಿ, ಅದನ್ನು ಬಡಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕೆಂದು ಸಾರಿದೆ. ಮೊದಲ ಭಾನುವಾರ ಕಾಳಗದ ನಡುವೆ ಬಡಿದೆ. ಪಾಳೇಗಾರನ ದಂಡು ದಂಡೇ ಕತ್ತಿಗಳನ್ನು ಹೆಗಲಿಗೇರಿಸಿ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊಡವಿಕೊಂಡು, ಲೈನಿನ ದಾರಿ ಹಿಡಿಯಿತು. ಎಸ್ಟೇಟಿನಲ್ಲಿ ಕೆಲಸ ಬಿಡುವ ಗಂಟೆಯೂ ಹೀಗೇ ತುಂಡು ಕಂಬಿಯದು. ಹುಟ್ಟಿದಾಗಿನಿಂದ ಆ ಸದ್ದಿಗೆ ಕಾಲು ತಾನಾಗಿ ಮನೆ ಕಡೆ ತಿರುಗುತ್ತದೆ. ಶತ್ರು ಓಡಿಹೋದನೆಂದು ಅತಿಥಿಗಳು ಜಯಘೋಷ ಮಾಡುತ್ತ ಕಾಫಿ ಗಿಡಗಳ ನಡುವೆ ಅಟ್ಟಿಸಿಕೊಂಡು ಹೋದರು. ಅವತ್ತೇ ಕಂಬಿ ಇಳಿಸಿ ಬೇರೆ ಉಪಾಯ ಮಾಡಿದೆ. ಮಾರ್ಷಲ್ "ಕೂರಿ!" ಎಂದು ಕೂಗಿ ತಾನೂ ಕೂರುವುದು. ಕೇಳಿಸಿಕೊಂಡವರು, ಕಂಡವರು ತಾವೂ ಹಾಗೇ ಕೂಗಿ ಕೂರುವುದು. ಕಿವಿಗೆ ಕೇಳದವನಿಗೂ ಸುತ್ತಲಿನವರು ಕೂತದ್ದು ಕಣ್ಣಿಗೆ ಕಾಣುತ್ತದೆ. ಎಂಥ ಗದ್ದಲವೂ ಕ್ಷಣದಲ್ಲಿ ತಣ್ಣಗಾಗುತ್ತಿತ್ತು.

ಇಷ್ಟೆಲ್ಲ ಸರಿಹೋದರೂ ಒಂದು ಮಾತ್ರ ಸರಿಹೋಗಲಿಲ್ಲ. ನಮ್ಮ ಪಾಳೇಗಾರನ ದಂಡು ಹೊಡೆಯುತ್ತಲೇ ಇರಲಿಲ್ಲ. ಕತ್ತಿ ಎತ್ತಿ ಕೂಗಿಕೊಂಡು ಬರುವರು, ಅತಿಥಿಯ ಮೈಗೆ ಒಂದು ಗೇಣು ಇರುವಾಗ ಕೈ ನಿಂತುಬಿಡುವುದು. ಅತಿಥಿಗಳು ಸಲೀಸಾಗಿ ಗೆಲ್ಲುವರು, ಗೆದ್ದು ಬೇಸರಪಟ್ಟುಕೊಳ್ಳುವರು. "ಇವರು ಬೊಂಬೆಗಳ ಹಾಗೆ ನಿಲ್ತಾರೆ" ಎಂದು ಒಬ್ಬರು ನಂದಿನಿಯವರಿಗೆ ದೂರಿದರು. ನನಗೆ ರೇಗಿತು. ಈರಯ್ಯನನ್ನು ಕರೆದು ಶಾಲೆಯ ಹುಡುಗನಿಗೆ ಗದರುವಂತೆ ಗದರಿದೆ. ಅವನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಹೇಳಿದ: "ಹೊಡಿಯದು ಕಷ್ಟ ಅಲ್ಲ ಮೇಷ್ಟ್ರೇ. ಬೂಟು ಹಾಕಿದೋರಿಗೆ ಇವತ್ತು ಹೊಡೆದ್ರೆ ನಾಳೆ ಬೆಳಗ್ಗೆ ಮಸ್ಟರಿಗೆ ಹೆಂಗೆ ನಿಲ್ಲದು? ಅವ್ರಲ್ಲಿ ಸಾವ್ಕಾರ್ರ ನೆಂಟ್ರು ಯಾರೋ, ಫ್ರೆಂಡ್ಸ್ ಯಾರೋ, ನಮಗೆ ಹೆಂಗೆ ಗೊತ್ತಾಗ್ಬೇಕು? ಮೇಸ್ತ್ರಿಕೆ ಹೋದ್ರೆ ಮನೆನೂ ಹೋಗುತ್ತೆ."

ಮಸ್ಟರ್ ಎಂದರೆ ಬೆಳಗಿನ ಹಾಜರಿ. ಯಾರು ಎಲ್ಲಿ ಕೆಲಸಕ್ಕೆ ಹೋಗಬೇಕು, ಯಾರಿಗೆ ಇವತ್ತು ಕೆಲಸವಿಲ್ಲ ಎಂಬುದು ತೀರ್ಮಾನವಾಗುವ ಜಾಗ. ಅವನ ಮಾತಿನಲ್ಲಿ ನ್ಯಾಯವಿತ್ತು. ನಾನು ಗೌಡರ ಹತ್ತಿರ ಹೋಗಿ, ನೀವೇ ಬಂದು ಇವರಿಗೆ ಧೈರ್ಯ ಹೇಳದಿದ್ದರೆ ಈ ಆಟ ನಡೆಯುವುದಿಲ್ಲ ಎಂದೆ. ಗೌಡರು ಧಾರಾಳ ಮನುಷ್ಯರು. ಮಾರನೆಯ ಬೆಳಗ್ಗೆಯೇ ಮಸ್ಟರಿಗೆ ಬಂದು ಎಲ್ಲರೆದುರು ಹೇಳಿದರು: "ಆ ಹಗ್ಗದ ಒಳಗೆ ಯಾರೂ ದೊಡ್ಡೋರಲ್ಲ ಕಣ್ರೋ. ನಾನೇ ಬಂದ್ರೂ ಬಿಡ್ಬೇಡಿ, ಹೊಡೀರಿ. ಯಾರಿಗೂ ಏನೂ ಆಗಲ್ಲ, ನಾನಿದ್ದೀನಿ." ಆಳುಗಳು ನಕ್ಕರು. ಈರಯ್ಯ ನನ್ನ ಮುಖ ನೋಡಿದ. ಸರಿಯಾಯಿತಲ್ಲ ಎಂಬಂತೆ ನಾನು ತಲೆಯಾಡಿಸಿದೆ.

ಆಮೇಲಿನ ಮೂರು ತಿಂಗಳು ನನ್ನ ವೃತ್ತಿಯ ಅತ್ಯುತ್ತಮ ಕಾಲ ಎಂದು ಹೇಳಲು ನಾಚಿಕೆಯಿಲ್ಲ. ಕೆಲಸ ಮುಗಿದ ಮೇಲೆ ಡ್ರೈಯಿಂಗ್ ಯಾರ್ಡಿನಲ್ಲಿ, ಕಾಫಿ ಒಣಗಿಸುವ ಆ ಸಿಮೆಂಟು ಕಣದಲ್ಲಿ, ಅಭ್ಯಾಸ. ಮೊದಮೊದಲು ನಿದ್ದೆಯಲ್ಲಿ ನಡೆಯುವವರ ಹಾಗೆ ನಿಧಾನವಾಗಿ ಕತ್ತಿ ಬೀಸಿಸಿದೆ. ಏಟು ಎಲ್ಲಿಂದ ಬರುತ್ತದೆ, ಎಲ್ಲಿ ತಾಗುತ್ತದೆ ಎಂದು ಮೈಗೆ ಗೊತ್ತಾದ ಮೇಲೆ ವೇಗ ಹೆಚ್ಚಿಸಿದೆ. ಮುಂದಿನ ಸಾಲಿಗೆ ಗುರಾಣಿ, ಹಿಂದಿನ ಸಾಲಿಗೆ ಉದ್ದನೆಯ ಈಟಿ. ಗಿರಿಜಳ ಈಟಿಯೆಂದರೆ ಈಟಿ, ರೆಂಬೆ ಬಗ್ಗಿಸಿ ಹಣ್ಣು ಕೊಯ್ದ ಕೈ ಅದು, ಗುರಿ ತಪ್ಪುತ್ತಿರಲಿಲ್ಲ. ಈರಯ್ಯ ತನ್ನ ದಂಡಿಗೆ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ತಾಗಿದ್ರೆ ತಾಗ್ತು ಅನ್ನಿ. ಇಲ್ಲಿ ಸುಳ್ಳು ಹೇಳಿದೋನು ನನ್ ಸಾಲಲ್ಲಿ ನಿಲ್ಲಕ್ಕಿಲ್ಲ." ಏಟು ತಾಗಿದ ಕೂಡಲೇ ಪಟ್ಟಿ ಬಿಚ್ಚುವುದರಲ್ಲಿ ಆಳುಗಳಿಗಿದ್ದ ನಿಯತ್ತು ಅತಿಥಿಗಳಿಗೆ ಬರಲು ಮಧ್ಯಾಹ್ನವಾಗುತ್ತಿತ್ತು. ಹಾಗೆಂದು ಪಾಳೇಗಾರನ ದಂಡು ಗೆಲ್ಲುತ್ತಿರಲಿಲ್ಲ. ಅತಿಥಿಗಳ ಸಂಖ್ಯೆ ಯಾವಾಗಲೂ ಹೆಚ್ಚು. ಆದರೆ ಬೆವರು ಹರಿಸದೆ ಯಾರೂ ಗೆಲ್ಲುವಂತಿರಲಿಲ್ಲ. ಗೆದ್ದವರು ಬಂದು ಆಳುಗಳ ಕೈ ಕುಲುಕುತ್ತಿದ್ದರು. ಹಾಗೆ ಕೈ ಕುಲುಕಿಸಿಕೊಂಡ ಮೊದಲ ದಿನ ಈರಯ್ಯ ತನ್ನ ಅಂಗೈಯನ್ನು ಒಂದು ಸಲ ನೋಡಿಕೊಂಡದ್ದನ್ನು ನಾನು ಕಂಡೆ.

ಋತುವಿನ ಕೊನೆಯ ಆಟ ಏಪ್ರಿಲ್ ಕೊನೆಯ ಭಾನುವಾರ. ಅವತ್ತು ಬಂದವರು ಬೆಂಗಳೂರು, ಮಂಗಳೂರಿನವರಲ್ಲ. ಗೌಡರ ಸ್ನೇಹಿತರು, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಪ್ಲಾಂಟರುಗಳು, ಅವರ ಮನೆಮಂದಿ. ಗೌಡರು ಸ್ವತಃ ರಾಣಿಯ ದಳಪತಿಯ ನೇರಳೆ ಮೇಲಂಗಿ ತೊಟ್ಟು ಮುಂದೆ ನಿಂತರು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾನು ಹೇಳಿದ್ದು ನೆನಪಿದೆ ತಾನೆ? ಬಿಡ್ಬೇಡಿ!" ಎಂದು ಗೌಡರೇ ಕೂಗಿ ನಕ್ಕರು. ಅವರು ಮನಸ್ಸಿನಿಂದಲೇ ಹಾಗೆ ಹೇಳಿದರೆಂದು ನಾನು ಈಗಲೂ ನಂಬುತ್ತೇನೆ.

ಗುಡ್ಡದ ನೆತ್ತಿಗೆ ಹೋಗುವ ದಾರಿಯಲ್ಲಿ ಎರಡು ಬಂಡೆಗಳ ನಡುವೆ ಒಂದು ಕಿರಿದಾದ ಸಂದು. ಅದಕ್ಕೆ ಬಾಗಿಲು ಎನ್ನುತ್ತಿದ್ದೆವು. ಅಲ್ಲಿ ಒಂದು ಸಲಕ್ಕೆ ಮೂವರಿಗಿಂತ ಹೆಚ್ಚು ಜನ ಮುಂದೆ ನಿಲ್ಲಬಾರದು, ಉಳಿದವರು ಹಿಂದೆ ಜಾಗ ಬಿಟ್ಟು ಕಾಯಬೇಕೆಂಬುದು ನನ್ನ ಕಟ್ಟಳೆ. ಇಕ್ಕಟ್ಟಿನಲ್ಲೇ ಕೈಕಾಲು ಮುರಿಯುವುದು. ಆದ್ದರಿಂದ ಕಾಳಗ ಬಾಗಿಲಿಗೆ ಬಂದಾಗ ನಾನು ಬಂಡೆಗೆ ಒರಗಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಲ್ಲುತ್ತಿದ್ದೆ. ಅವತ್ತು ಬಾಗಿಲಿನ ಒಳಗಡೆ ಈರಯ್ಯ, ಅವನ ಹಿಂದೆ ಈಟಿ ಹಿಡಿದ ಗಿರಿಜ. ಹೊರಗಿನಿಂದ ಗೌಡರು ಬಂದರು. ದೇವರಮನೆ ಕಡೆಯಿಂದ ಮೋಡ ಕವಿಯುತ್ತಿತ್ತು, ಮಳೆಗೆ ಮುಂಚೆ ಮುಗಿಸಬೇಕೆಂದು ಎಲ್ಲರಿಗೂ ಅವಸರ.

ಗೌಡರ ಒಂದು ಪಟ್ಟಿ ಆಗಲೇ ಕೆಳಗೆ ಹೋಗಿತ್ತು. ಎರಡನೆಯದನ್ನು ಗಿರಿಜಳ ಈಟಿ ತೆಗೆಯಿತು. ಗೌಡರು ನಗುತ್ತ ಬಿಚ್ಚಿದರು. ಮತ್ತೆ ನುಗ್ಗಿದರು, ಕತ್ತಿ ಎತ್ತಿದರು, ಪಕ್ಕೆ ತೆರೆಯಿತು. ಈರಯ್ಯನ ಕತ್ತಿ ಅಲ್ಲಿಗೆ ಬಿತ್ತು. ಫೋಮಿನ ಏಟು ಸರಿಯಾಗಿ ಬಿದ್ದರೆ ದಿಂಬು ಬಡಿದಂಥ ಸದ್ದು ಬರುತ್ತದೆ, ಆ ಸದ್ದು ಬಂತು. ಗೌಡರು ನಿಲ್ಲಲಿಲ್ಲ. ಆನೆ ನಡೆದದ್ದೇ ದಾರಿ ಎಂಬಂತೆ ಮುನ್ನುಗ್ಗಿ ಈರಯ್ಯನ ಭುಜಕ್ಕೆ ಒಂದು, ಎರಡು ಬಾರಿಸಿದರು. ಈರಯ್ಯ ತನ್ನ ಕತ್ತಿ ಇಳಿಸಿ ಸುಮ್ಮನೆ ನಿಂತ. ಅವನು ನಿಂತದ್ದು ಕಂಡು ಅವನ ದಂಡೂ ನಿಂತಿತು. ಆದರೆ ಹೊರಗಿನವರಿಗೆ ಏನು ಗೊತ್ತು, ಬಾಗಿಲು ತೆರೆಯಿತೆಂದು ಹಿಂದಿನಿಂದ ಒತ್ತಿದರು. ಬಂಡೆಯ ಸಂದಿನಲ್ಲಿ ಜನ ಜನದ ಮೇಲೆ ಬಂತು. ಒಬ್ಬ ಹೆಂಗಸಿನ ಕಾಲು ಜಾರಿತು.

"ಕೂರಿ!" ಎಂದು ಕೂಗಿ ಕೂತೆ. ಗುಡ್ಡದ ಉದ್ದಕ್ಕೂ ಆ ಕೂಗು ಹರಿಯಿತು. ಎಲ್ಲರೂ ಕೂತರು, ಈರಯ್ಯನೂ ಕೂತ. ನಿಂತಿದ್ದವರು ಗೌಡರೊಬ್ಬರೇ.

ನಾನು ಎದ್ದು ಹೇಳಿದೆ: "ಗೌಡ್ರೇ, ಮೂರನೇದು ತಾಗಿದೆ. ಪಟ್ಟಿ ಬಿಚ್ಚಿ."

"ಇಲ್ಲ ಮೇಷ್ಟ್ರೇ, ಅದು ಬಟ್ಟೆಗೆ ತಾಗಿದ್ದು."

"ನಾನು ಇಲ್ಲೇ ನಿಂತಿದ್ದೆ."

ಗೌಡರು ನಗುತ್ತಲೇ ಇದ್ದರು. ಈರಯ್ಯನ ಕಡೆ ತಿರುಗಿದರು. "ಏನೋ ಈರಯ್ಯ, ನೀನೇ ಹೇಳು. ತಾಗ್ತೇನೋ?"

"ಹೊಡೆದವನನ್ನ ಕೇಳೋ ಹಾಗಿಲ್ಲ" ಎಂದೆ. ನನ್ನ ಧ್ವನಿ ಶಾಲೆಯ ಮೈದಾನದ ಧ್ವನಿಯೇ ಆಗಿತ್ತು. ಆದರೆ ಅಷ್ಟರಲ್ಲಿ ಗೌಡರ ಸ್ನೇಹಿತರು "ಹೇಳೋ, ಹೇಳು" ಎಂದು ನಗಲು ಶುರುಮಾಡಿದ್ದರು. ಈರಯ್ಯ ಎದ್ದು ನಿಂತ. ಹಿಂದೆ ಕೂತಿದ್ದ ತನ್ನವರ ಕಡೆ ಒಂದು ಸಲ ನೋಡಿದ. ಅವನು ಇಲ್ಲ ಎನ್ನಲಿ ಎಂದು ಆ ಕ್ಷಣದಲ್ಲಿ ನಾನು ದೇವರಲ್ಲಿ ಬೇಡಿಕೊಂಡೆ, ರೆಫರಿಯಾಗಿ ನಿಂತ ಜಾಗದಲ್ಲೇ ಬೇಡಿಕೊಂಡೆ.

"ತಾಗ್ತು ಸಾವ್ಕಾರ್ರೇ" ಎಂದ. "ಪಕ್ಕೆಗೆ ತಾಗ್ತು."

ಗೌಡರು ಮೂರನೇ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, ತಲೆಯ ಮೇಲೆ ಕೈ ಇಟ್ಟುಕೊಂಡು, ಹಗ್ಗದ ಓಣಿಯಲ್ಲಿ ಇಳಿದು ಮಸಣಕ್ಕೆ ಹೋದರು. ಸ್ನೇಹಿತರು ಚಪ್ಪಾಳೆ ತಟ್ಟಿದರು. ದಳಪತಿ ಹೋದ ಮೇಲೆ ರಾಣಿಯ ದಂಡು ಚೆಲ್ಲಾಪಿಲ್ಲಿಯಾಯಿತು. ಪಾಳೇಗಾರನ ದಂಡು ಆ ಋತುವಿನಲ್ಲಿ ಗೆದ್ದದ್ದು ಅದೊಂದೇ ಆಟ. ಗೆದ್ದವರು ಮಳೆಯಲ್ಲೇ ಕುಣಿದರು. ಗೌಡರು ಎಲ್ಲರಿಗೂ ಬಿರಿಯಾನಿ ಊಟ ಹಾಕಿಸಿದರು. "ನೀವು ಅಷ್ಟು ಗಟ್ಟಿಯಾಗಿ ನಿಲ್ಲದಿದ್ದರೆ ಆಟವೇ ಸತ್ತುಹೋಗ್ತಿತ್ತು ಸರ್" ಎಂದು ನಂದಿನಿ ನನಗೆ ಕೈಮುಗಿದರು. ನನಗೂ ಹೆಮ್ಮೆಯೆನಿಸಿತು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಈರಯ್ಯ ತಿರುಗಿ ತನ್ನವರನ್ನು ನೋಡಿದ್ದೇ ಕಣ್ಣ ಮುಂದೆ ಬರುತ್ತಿತ್ತು.

ಮುಂಗಾರು ಹಿಡಿದ ಮೇಲೆ, ಜೂನ್ ಹೊತ್ತಿಗೆ, ಸುದ್ದಿ ಬಂತು. ತಂದವರು ಬಷೀರ್ ಸಾಬರು. "ಈರಯ್ಯನ ಮೇಸ್ತ್ರಿಕೆ ತೆಗೆದ್ರಂತೆ ಮೇಷ್ಟ್ರೇ. ಆಳಾಗಿ ಇದ್ರೆ ಇರು, ಆ ಮನೆ ಖಾಲಿ ಮಾಡು ಅಂದ್ರಂತೆ." ಕಾರಣ ಯಾರೂ ಹೇಳಿರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು, ವಯಸ್ಸಿನ ಹುಡುಗರಿಗೆ ಅವಕಾಶ ಕೊಡಬೇಕು ಎಂದಷ್ಟೇ ಹೇಳಿ ಹೋಗಿದ್ದರು.

ನಾನು ಆ ಮಧ್ಯಾಹ್ನವೇ ಗೌಡರ ಆಫೀಸಿಗೆ ಹೋದೆ. ಜಗಳಕ್ಕೆಂದೇ ಹೋದೆ. ಅವರು ಕೂರಿಸಿ ಕಾಫಿ ಕೊಟ್ಟರು.

"ಆಟದಲ್ಲಿ ಸೋತೆ ಅಂತ ಕೆಲಸ ತೆಗೆಯೋನು ನಾನಲ್ಲ ಮೇಷ್ಟ್ರೇ. ಅವತ್ತು ನಾನೂ ನಕ್ಕಿಲ್ವಾ?"

"ಮತ್ತೆ ಯಾಕೆ?"

ಅವರು ಕಿಟಕಿಯ ಆಚೆ ನೋಡುತ್ತ ಹೇಳಿದರು: "ಮಾರನೇ ದಿನ ಮಸ್ಟರಿಗೆ ಹೋದೆ. ನಾನು ಬಂದಾಗ ಜನ ಎದ್ದು ನಿಲ್ತಾರೆ, ನಮ್ಮಪ್ಪನ ಕಾಲದಿಂದ ಹಾಗೇ. ಅವತ್ತೂ ನಿಂತ್ರು. ಆದರೆ ಒಂಚೂರು ತಡ ಆಯ್ತು. ಮೊದಲು ಅವನ ಮುಖ ನೋಡಿದ್ರು, ಆಮೇಲೆ ಎದ್ರು. ನೀವು ರೆಫರಿ, ನಿಮಗೆ ಗೊತ್ತಾಗುತ್ತೆ ಆ ಒಂಚೂರು ಅಂದ್ರೆ ಏನು ಅಂತ. ಎಸ್ಟೇಟ್ ನಡೆಯೋದೇ ಅದರ ಮೇಲೆ."

ನನಗೆ ಗೊತ್ತಾಯಿತು. ಅದೇ ಕಷ್ಟ. "ಯಾರಿಗೂ ಏನೂ ಆಗಲ್ಲ ಅಂತ ನೀವೇ ಹೇಳಿದ್ರಿ" ಎಂದೆ. "ಹಗ್ಗದ ಒಳಗೆ ಅಂದಿದ್ದೆ" ಎಂದರು. ಕುತಂತ್ರದ ಮಾತಲ್ಲ ಅದು. ಅವರ ಮುಖದಲ್ಲಿ ಬೇಸರವೇ ಇತ್ತು. ಬೇಸರಪಟ್ಟುಕೊಂಡೇ ಒಬ್ಬನ ಮನೆ ಬಿಡಿಸಬಹುದೆಂದು ನಾನು ಕಲಿತದ್ದು ಅವತ್ತು.

ಲೈನಿಗೆ ಹೋದಾಗ ಈರಯ್ಯನ ಸಾಮಾನು ಜೀಪಿಗೆ ಏರುತ್ತಿತ್ತು. ಕಳಸದ ಕಡೆ ಒಂದು ಎಸ್ಟೇಟಿನಲ್ಲಿ ಗಿರಿಜಳ ತಮ್ಮ ಕೆಲಸದಲ್ಲಿದ್ದ, ಅಲ್ಲಿಗೆ ಹೊರಟಿದ್ದರು. ಅಲ್ಲೂ ಮೇಸ್ತ್ರಿಕೆಯಿಲ್ಲ, ಬರೀ ಆಳು.

"ಆಳಾಗೇ ಇರೋದಾದ್ರೆ ಇಲ್ಲೇ ಇರಬಹುದಿತ್ತಲ್ಲೋ" ಎಂದೆ.

"ನಾನೇ ಸಾಲು ಹಚ್ಚಿದೋರ ಜೊತೆ ಸಾಲಲ್ಲಿ ಹೆಂಗೆ ನಿಲ್ಲದು ಮೇಷ್ಟ್ರೇ? ಅಲ್ಲಾದ್ರೆ ನಾನು ಮೇಸ್ತ್ರಿ ಆಗಿದ್ದು ಯಾರೂ ನೋಡಿಲ್ಲ."

ಕೇಳಬಾರದೆಂದುಕೊಂಡೇ ಹೋಗಿದ್ದೆ, ಕೇಳಿಬಿಟ್ಟೆ. "ಅವತ್ತು ತಾಗಲಿಲ್ಲ ಅಂದುಬಿಡಬಹುದಿತ್ತು. ಯಾರೂ ನಿನ್ನ ತಪ್ಪು ಅಂತಿರಲಿಲ್ಲ."

ಅವನು ಸಾಮಾನಿನ ಮೇಲೆ ಹಗ್ಗ ಬಿಗಿದ. "ಅನ್ನಬೇಕು ಅಂತಲೇ ಎದ್ದಿದ್ದು. ತಿರುಗಿ ನೋಡಿದ್ರೆ ನಮ್ ಜನ ಎಲ್ಲಾ ನನ್ ಬಾಯೇ ನೋಡ್ತಿದ್ರು. ಸುಳ್ಳು ಹೇಳಬೇಡಿ ಅಂತ ಮೂರು ತಿಂಗಳು ಅವ್ರಿಗೆ ಹೇಳ್ದೋನು ನಾನೇ ಅಲ್ವಾ. ಸಾವ್ಕಾರ್ರ ಮುಂದೆ ಸುಳ್ಳು ಹೇಳಬೋದಿತ್ತು, ಅವ್ರ ಮುಂದೆ ಆಗ್ಲಿಲ್ಲ."

ನಾನು ಏನೋ ಸಮಾಧಾನದ ಮಾತಿಗೆ ಬಾಯಿ ತೆರೆದೆ. ಗಿರಿಜ ತಡೆದಳು. ಡೇರೆ ಹೂವಿನ ಗೆಡ್ಡೆಗಳನ್ನು ಗೋಣಿಚೀಲಕ್ಕೆ ತುಂಬುತ್ತ, ತಲೆ ಎತ್ತದೆ ಹೇಳಿದಳು: "ನೀವು ಮನೆಗೆ ಹೋಗಿ ಮೇಷ್ಟ್ರೇ. ನಿಮ್ ಆಟ ಅಲ್ಲೇ ಮುಗೀತು. ನಮಗೆ ಮುಗೀಲಿಲ್ಲ." ಮೂರು ದಶಕದ ನೌಕರಿಯಲ್ಲಿ ಇನ್ಸ್‌ಪೆಕ್ಟರುಗಳಿಂದ, ಹೆಡ್ ಮಾಸ್ಟರುಗಳಿಂದ ಎಷ್ಟೋ ಮಾತು ಕೇಳಿದ್ದೇನೆ. ಯಾವುದೂ ಹೀಗೆ ಇರಿದಿರಲಿಲ್ಲ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ, ಮನೆಗೆ ಬಂದು ಊಟ ಮಾಡದೆ ಮಲಗಿದೆ.

2005ರ ಜನವರಿಯಲ್ಲಿ ಆಟ ಮತ್ತೆ ಶುರುವಾಯಿತು. ಬಿಡಬೇಕೆಂದಿದ್ದೆ. ನಾನಿಲ್ಲದಿದ್ದರೆ ಬಾಗಿಲಿನ ಇಕ್ಕಟ್ಟಿನಲ್ಲಿ ಯಾರಾದರೂ ಕಾಲು ಮುರಿದುಕೊಳ್ಳುತ್ತಾರೆ ಎಂದು ನಂದಿನಿ ಒತ್ತಾಯ ಮಾಡಿದರು. ಹೊಸ ಮೇಸ್ತ್ರಿ ಬಂದಿದ್ದ. ಅದೇ ಜನ, ಅದೇ ಕತ್ತಿಗಳು. ಡ್ರೈಯಿಂಗ್ ಯಾರ್ಡಿನಲ್ಲಿ ಅಭ್ಯಾಸ ಮಾಡಿಸಿದಾಗ ಎಲ್ಲರೂ "ಹೂಂ ಮೇಷ್ಟ್ರೇ" ಎಂದರು. ನಾನು ತೋರಿಸಿದ್ದನ್ನೆಲ್ಲ ತಪ್ಪಿಲ್ಲದೆ ಮಾಡಿ ತೋರಿಸಿದರು.

ಮೊದಲ ಭಾನುವಾರ ಗೌಡರು ಮತ್ತೆ ದಳಪತಿಯ ಮೇಲಂಗಿ ತೊಟ್ಟು ಬಂದರು. ಕಾಳಗ ಶುರುವಾಯಿತು. ಅವರು ಕತ್ತಿ ಎತ್ತಿದ ಕೂಡಲೇ ಎದುರಿಗಿದ್ದವನು ಒಂದರ ಹಿಂದೊಂದು ಮೂರೂ ಪಟ್ಟಿ ಬಿಚ್ಚಿ ತಲೆಯ ಮೇಲೆ ಕೈ ಇಟ್ಟುಕೊಂಡ. ಅವನ ಪಕ್ಕದವಳೂ ಹಾಗೇ ಮಾಡಿದಳು. ಕತ್ತಿಯೇಟು ತಾಗದವರು, ಅವರ ಬೆನ್ನ ಹಿಂದೆ ಇದ್ದವರು, ಹತ್ತು ಮಾರು ಆಚೆ ಇದ್ದವರು ಕೂಡ ತಾವೇ ತಾವಾಗಿ ಪಟ್ಟಿ ಬಿಚ್ಚಿದರು. ಅತಿಥಿಗಳೆದುರೂ ಹಾಗೇ. ಎಲ್ಲರೂ ಹಗ್ಗದ ಓಣಿಯಲ್ಲಿ ಸಾಲು ತಪ್ಪದ ಹಾಗೆ ಇಳಿದು ಹೋಗಿ ಸಿಲ್ವರ್ ಮರದ ಬುಡದಲ್ಲಿ ಕೂತರು. ನೂಕುನುಗ್ಗಲಿಲ್ಲ, ಬಾಗಿಲಿನಲ್ಲಿ ಇಕ್ಕಟ್ಟಿಲ್ಲ. "ಕೂರಿ" ಎಂದು ಕೂಗುವ ಪ್ರಸಂಗ ಒಂದು ಸಲವೂ ಬರಲಿಲ್ಲ. ನಾನು ಬರೆದ ಕಟ್ಟಳೆಗಳಲ್ಲಿ ಒಂದೂ ಮುರಿಯಲಿಲ್ಲ.

ಮುಗಿದ ಮೇಲೆ ಗೌಡರು ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ಸಂತೋಷದಿಂದ ಹೆಗಲು ತಟ್ಟಿದರು. "ನೋಡಿದ್ರಾ ಮೇಷ್ಟ್ರೇ, ಈ ಸಲ ಒಂದೇ ಒಂದು ತಕರಾರಿಲ್ಲ!"

ಆ ಸಂಜೆಯೇ ನಂದಿನಿಯವರಿಗೆ ಬರುವುದಿಲ್ಲವೆಂದು ಹೇಳಿಬಿಟ್ಟೆ.

ಬಾಗಿಲಿನಲ್ಲಿ ಅವತ್ತು ನಾನು ಕೊಟ್ಟ ತೀರ್ಪು ಸರಿಯಾಗಿತ್ತು. ಇವತ್ತು ಅದೇ ಬಂಡೆಗೆ ಒರಗಿ ನಿಲ್ಲಿಸಿದರೂ ಅದನ್ನೇ ಕೊಡುತ್ತೇನೆ. ಆದರೆ ಸರಿಯಾದ ತೀರ್ಪಿಗೂ ಬೆಲೆ ತೆರುವವನು ಒಬ್ಬನಿರುತ್ತಾನೆ, ಅವನು ರೆಫರಿಯಲ್ಲ ಎಂಬುದನ್ನು ಕಬಡ್ಡಿಯ ಅಂಕಣ ನನಗೆ ಕಲಿಸಿರಲಿಲ್ಲ. ಗುಂಪಿನ ಕಾಳಗ ಸುಸೂತ್ರವಾಗಿ ನಡೆಸುವುದು ಹೇಗೆಂದು ಈಗಲೂ ಯುವಕರು ಕೇಳಿಕೊಂಡು ಬರುತ್ತಾರೆ. ಪಟ್ಟಿ, ಓಣಿ, ಕೂರುವುದು ಎಲ್ಲವನ್ನೂ ಹೇಳಿಕೊಡುತ್ತೇನೆ. ಕೊನೆಗೆ ಇದನ್ನೂ ಹೇಳುತ್ತೇನೆ: ತಕರಾರು ಬಂದರೆ ಹೆದರಬೇಡಿ, ಬಿಡಿಸಬಹುದು. ಒಂದೂ ತಕರಾರಿಲ್ಲದೆ ಆಟ ಮುಗಿದರೆ ಮಾತ್ರ ಸಾಮಾನು ಕಟ್ಟುವ ಮೊದಲು ಸೋತವರ ಹತ್ತಿರ ಹೋಗಿ ಕೂತು, ನಾಳೆ ಬೆಳಗ್ಗೆ ಅವರು ಯಾರೆದುರು ಎದ್ದು ನಿಲ್ಲಬೇಕು ಎಂದು ಕೇಳಿ.